ಮುಂಬೈಯಲ್ಲಿ ರಾತ್ರಿ ಗಸ್ತು ಬರುವ ಪೊಲೀಸರನ್ನು ಕಳಿಸುವವರು ಯಾರು?

ದಾವಣಗೆರೆಯಿಂದ ಬಂದು ಸಯನ್‌ನಲ್ಲಿ ರೂಮು ಹಿಡಿದಿದ್ದೀರಿ. ರಾತ್ರಿ ಒಮ್ಮೆ ಬೈಕಿನಲ್ಲಿ, ಒಮ್ಮೆ ಜೀಪಿನಲ್ಲಿ ಪೊಲೀಸರು ಸುತ್ತುತ್ತಾರೆ. ಇವರೆಲ್ಲ ಒಂದೇ ಪೆಟ್ರೋಲಿಂಗ್ ವಿಭಾಗದವರಾ, ತೊಂದರೆ ಬಂದರೆ ಯಾರಿಗೆ ಫೋನ್ ಮಾಡಬೇಕು ಅಂತ ನಿಮ್ಮ ಪ್ರಶ್ನೆ. ನಾನು ಪೊಲೀಸ್ ಅಲ್ಲ, ಮಾಟುಂಗಾದ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವನು. ಶಟರ್ ಎಳೆಯುವ ಹೊತ್ತಿಗೆ ದಿನಾ ಮುಖ ನೋಡುವುದು ಇವರದ್ದೇ. ಹಾಗಾಗಿ ಕೆಲವು ವಿಷಯ ಗೊತ್ತಿದೆ.

ಗಸ್ತಿಗೇ ಅಂತ ಬೇರೆ ವಿಭಾಗ ಮುಂಬೈಯಲ್ಲಿ ಇಲ್ಲ. ಅದು ಆಯಾ ಠಾಣೆಯ ಕೆಲಸ. ಕ್ರಾಫರ್ಡ್ ಮಾರ್ಕೆಟ್ ಎದುರಿನ ಆಫೀಸಿನಲ್ಲಿ ಕಮಿಷನರ್. ಅವರ ಕೆಳಗೆ ಕಾನೂನು ಸುವ್ಯವಸ್ಥೆ ನೋಡುವ ಜಂಟಿ ಕಮಿಷನರ್. ಊರನ್ನು ಐದು ರೀಜನ್ ಮಾಡಿ ಒಂದೊಂದಕ್ಕೆ ಹೆಚ್ಚುವರಿ ಕಮಿಷನರ್, ಅದರೊಳಗೆ ಡಿಸಿಪಿಗಳ (ಡೆಪ್ಯುಟಿ ಕಮಿಷನರ್) ಝೋನ್, ಝೋನಿನೊಳಗೆ ಎಸಿಪಿಗಳ (ಅಸಿಸ್ಟೆಂಟ್ ಕಮಿಷನರ್) ಡಿವಿಷನ್. ಒಂದು ಡಿವಿಷನ್‌ಗೆ ಕೆಲವು ಠಾಣೆಗಳು, ಠಾಣೆಗೊಬ್ಬ ಸೀನಿಯರ್ ಇನ್‌ಸ್ಪೆಕ್ಟರ್. ಇದನ್ನೆಲ್ಲ ಬಾಯಿಪಾಠ ಮಾಡುವುದು ಬೇಡ. ನಿಮಗೆ ಬೇಕಾದದ್ದು ಠಾಣೆಯ ಕೆಳಗಿನ ಕಥೆ.

ಠಾಣೆಯ ಸರಹದ್ದನ್ನು ಬೀಟ್‌ಗಳಾಗಿ, ಅಂದರೆ ಸಣ್ಣ ಸಣ್ಣ ಗಸ್ತಿನ ಭಾಗಗಳಾಗಿ ಹಂಚಿರುತ್ತಾರೆ. ಬೀಟ್‌ಗೆ ಒಂದು ಚೌಕಿ, ಅಂದರೆ ಸಣ್ಣ ಹೊರಠಾಣೆ. ಬೈಕಿನಲ್ಲಿ ಇಬ್ಬಿಬ್ಬರಾಗಿ ಬರುವವರು ಬೀಟ್ ಮಾರ್ಷಲ್‌ಗಳು. ಜೀಪು ಠಾಣೆಯ ಮೊಬೈಲ್ ವ್ಯಾನ್. ಸಣ್ಣ ಗಲ್ಲಿಗೆ ಬೈಕು ನುಗ್ಗುತ್ತದೆ, ಯಾರನ್ನಾದರೂ ಕೂರಿಸಿಕೊಂಡು ಹೋಗಬೇಕಾದರೆ ವ್ಯಾನ್ ಬೇಕು. ಮಾರ್ಷಲ್‌ಗಳು ಬಂದರೋ ಇಲ್ಲವೋ ಅಂತ ಲೆಕ್ಕ ಇಡಲು ಹಿಂದೆ ಎಟಿಎಂ, ದೇವಸ್ಥಾನ, ಚಿನ್ನದ ಅಂಗಡಿಗಳ ಹತ್ತಿರ ಒಂದು ಪುಸ್ತಕ ಇರುತ್ತಿತ್ತು, ಅದರಲ್ಲಿ ಟೈಮ್ ಬರೆದು ಸಹಿ ಹಾಕಬೇಕಿತ್ತು. ಈಗ ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ನಮ್ಮ ಹೋಟೆಲಿನ ಪಕ್ಕದ ಕಂಬದಲ್ಲೂ ಒಂದಿದೆ. ಒಬ್ಬ ಬೈಕ್ ಆಫ್ ಮಾಡದೆ ಕೂತಿರುತ್ತಾನೆ, ಇನ್ನೊಬ್ಬ ಇಳಿದು ಮೊಬೈಲ್ ಹಿಡಿದು ಸ್ಕ್ಯಾನ್ ಮಾಡಿ ಮತ್ತೆ ಹಿಂದೆ ಹತ್ತುತ್ತಾನೆ. ಅರ್ಧ ನಿಮಿಷದ ಕೆಲಸ. ಸ್ಕ್ಯಾನ್ ಆಯಿತು ಅಂದರೆ ಗಲ್ಲಿಯೊಳಗೆ ಕಣ್ಣಾಡಿಸಿದರು ಅಂತೇನೂ ಅರ್ಥವಲ್ಲ, ಅದು ಬೇರೆ ಮಾತು. ಆದರೂ ಪುಸ್ತಕದಲ್ಲಿ ನಾಲ್ಕು ಸಹಿ ಒಟ್ಟಿಗೆ ಹಾಕಿ ಹೋಗುವುದಕ್ಕಿಂತ ಇದು ವಾಸಿ, ಅಲ್ವಾ?

ಕೆಲವು ರಾತ್ರಿ ಎಲ್ಲ ಠಾಣೆಗಳೂ ಒಟ್ಟಿಗೆ ಬೀದಿಗಿಳಿಯುತ್ತವೆ. ಅದಕ್ಕೆ ‘ಆಲ್ ಔಟ್’ ಅಂತ ಹೆಸರು. ಅಲ್ಲಲ್ಲಿ ನಾಕಾಬಂದಿ, ಲಾಡ್ಜ್‌ಗಳ ರಿಜಿಸ್ಟರ್ ತಪಾಸಣೆ, ಗಡೀಪಾರಾದವರು ವಾಪಸ್ ಬಂದಿದ್ದಾರಾ ಅಂತ ಹುಡುಕಾಟ. ಅವತ್ತು ಲೈಸೆನ್ಸ್ ಜೇಬಿನಲ್ಲಿರಲಿ.

ಫೋನಿನ ವಿಷಯ. ಚೌಕಿಗೆ ಓಡಬೇಡಿ, ಎಷ್ಟೋ ಸಲ ಅಲ್ಲಿ ಯಾರೂ ಇರುವುದಿಲ್ಲ. 112 ಒತ್ತಿ. 100 ಕೂಡ ನಡೆಯುತ್ತದೆ. ಹೆಂಗಸರಿಗೆ 103 ಇದೆ. ಕಂಟ್ರೋಲ್ ರೂಮಿನವರು ಹತ್ತಿರದ ಗಾಡಿಗೆ ವಿಷಯ ದಾಟಿಸುತ್ತಾರೆ. ಗಾಡಿಯಲ್ಲಿ ಒಂದು ಟ್ಯಾಬ್ ಇರುತ್ತದೆ, ನಿಮ್ಮ ದೂರು ಅದರಲ್ಲಿ ಬರುತ್ತದೆ. ಆಮೇಲೆ ಆ ಗಾಡಿಯವರೇ ನಿಮಗೆ ಫೋನ್ ಮಾಡಿ ‘ಎಲ್ಲಿ’ ಅಂತ ಕೇಳಬಹುದು, ಹೊಸ ನಂಬರ್ ಅಂತ ಕಟ್ ಮಾಡಬೇಡಿ. ಹಿಂದಿ ಸಾಕು. ವಿಳಾಸ ಹೇಳುವಾಗ ಬಿಲ್ಡಿಂಗ್ ಹೆಸರಿಗಿಂತ ಪಕ್ಕದ ಸಿಗ್ನಲ್, ದೇವಸ್ಥಾನ, ಹೋಟೆಲಿನ ಹೆಸರು ಜಾಸ್ತಿ ಕೆಲಸಕ್ಕೆ ಬರುತ್ತದೆ.

ಗಾಡಿ ಬರುವುದು ತಡವಾದರೆ ಮಾರ್ಷಲ್‌ಗಳನ್ನೇ ಬೈಯುವುದು ನನಗೆ ಸರಿ ಕಾಣುವುದಿಲ್ಲ. ಇಲ್ಲಿ ಮೊದಲು ಹನ್ನೆರಡು ಗಂಟೆ ಪಾಳಿ ಇತ್ತು. ಎಂಟು ಗಂಟೆಯ ಪಾಳಿಯನ್ನು 2016ರಲ್ಲಿ ದೇವನಾರ್ ಠಾಣೆಯಲ್ಲಿ ಪ್ರಯೋಗಕ್ಕೆ ತಂದರು. ಆಗ ದತ್ತಾತ್ರೇಯ ಪಡಸಲಗೀಕರ್ ಕಮಿಷನರ್. ಯೋಜನೆ ಮಾತ್ರ ಒಬ್ಬ ಕಾನ್‌ಸ್ಟೇಬಲ್‌ನದ್ದು! ಆದರೆ ಬಂದೋಬಸ್ತ್ ಬಂತು ಅಂದರೆ ಎಲ್ಲ ಲೆಕ್ಕ ತಲೆಕೆಳಗು. ನಮ್ಮ ಕಿಂಗ್ಸ್ ಸರ್ಕಲಿನ ಜಿಎಸ್‌ಬಿ (ಗೌಡ ಸಾರಸ್ವತ ಬ್ರಾಹ್ಮಣರ) ಗಣಪತಿಯ ಐದು ದಿನ ನೋಡಬೇಕು ನೀವು. ಜನಸಾಗರ. ಪೊಲೀಸರೆಲ್ಲ ಆ ಕ್ಯೂ, ಆ ಟ್ರಾಫಿಕ್ಕಿಗೇ ಬೇಕು. ಹಿಂದಿನ ಗಲ್ಲಿಗಳಲ್ಲಿ ಆಗ ಬೈಕಿನ ಸದ್ದೇ ಕಡಿಮೆ. ನಾವೂ ಆ ದಿನಗಳಲ್ಲಿ ಗಲ್ಲಾದ ದುಡ್ಡನ್ನು ರಾತ್ರಿ ಇಟ್ಟುಕೊಳ್ಳುವುದಿಲ್ಲ.

ಇನ್ನೊಂದು, ರೈಲಿನಲ್ಲೋ ಪ್ಲಾಟ್‌ಫಾರ್ಮಿನಲ್ಲೋ ಮೊಬೈಲ್ ಹೋದರೆ ಊರ ಠಾಣೆಗೆ ಸಂಬಂಧ ಇಲ್ಲ. ಅದು ರೈಲ್ವೆ ಪೊಲೀಸರದ್ದು, ಅವರಿಗೆ ಬೇರೆಯೇ ಕಮಿಷನರ್ ಇದ್ದಾರೆ. ಅವರ ಸಹಾಯವಾಣಿ 1512.

ನಿಮ್ಮ ಬಿಲ್ಡಿಂಗ್ ಯಾವ ಠಾಣೆಗೆ ಸೇರುತ್ತದೆ ಅಂತ ಇವತ್ತೇ ವಾಚ್‌ಮನ್ ಹತ್ತಿರ ಕೇಳಿಕೊಳ್ಳಿ. ರಸ್ತೆಯ ಆ ಬದಿ ಒಂದು ಠಾಣೆ, ಈ ಬದಿ ಇನ್ನೊಂದು ಆಗಿರುವುದು ಇಲ್ಲಿ ಮಾಮೂಲಿ. ಹಾಗೇ ರೂಮಿನ ಮಾಲೀಕರು ಬಾಡಿಗೆದಾರ ಅಂತ ನಿಮ್ಮ ವಿವರ ಆ ಠಾಣೆಗೆ ಕೊಟ್ಟಿದ್ದಾರಾ ಅಂತಲೂ ವಿಚಾರಿಸಿ. ಆನ್‌ಲೈನಿನಲ್ಲೇ ಕೊಡಬಹುದು.