ಓಸಿಐ ಕಾರ್ಡಿದ್ದರೆ ಬೆಂಗಳೂರಿನಿಂದ ವಿಮಾನ ಹಾರಿಸಬಹುದೇ?

ನಮಸ್ಕಾರ ಸರ್. ನೀವು ಕೇಳಿದ್ದು ಇಷ್ಟು: ಡಲ್ಲಾಸ್‌ನಲ್ಲಿ ಏರ್‌ಬಸ್ ಎ320 ವಿಮಾನದ ಫಸ್ಟ್ ಆಫೀಸರ್ (ಸಹ ಪೈಲಟ್) ಆಗಿದ್ದೀರಿ, ಪೌರತ್ವ ಅಮೆರಿಕದ್ದು, ಕೈಯಲ್ಲಿ ಓಸಿಐ (ಭಾರತ ಮೂಲದ ವಿದೇಶಿ ಪೌರರಿಗೆ ಭಾರತ ಕೊಡುವ ಕಾರ್ಡ್) ಇದೆ, ಅಪ್ಪ ಅಮ್ಮ ಮಲ್ಲೇಶ್ವರದಲ್ಲಿದ್ದಾರೆ. ಇಲ್ಲಿನ ಏರ್‌ಲೈನ್‌ಗಳು ನೂರುಗಟ್ಟಲೆ ವಿಮಾನ ತರಿಸುತ್ತಿವೆಯಲ್ಲ, ಬಂದು ಸೇರಿಕೊಳ್ಳಬಹುದೇ, ಬದುಕು ಹೇಗಿರುತ್ತದೆ ಎಂದು. ನಾನೂ ವಿದೇಶಿ ಪಾಸ್‌ಪೋರ್ಟಿನಲ್ಲೇ ಯಲಹಂಕದಲ್ಲಿ ನೆಲೆಯೂರಿದವನು, ಹಾಗಾಗಿ ಸುತ್ತಿ ಬಳಸದೆ ಹೇಳುತ್ತೇನೆ. ಈಗಿನ ಸ್ಥಿತಿಯಲ್ಲಿ ಬರಬೇಡಿ. ಅಲ್ಲೇ ಕ್ಯಾಪ್ಟನ್ ಆಗಿ, ಅದೇ ವಿಮಾನದಲ್ಲಿ ಕಮಾಂಡ್ ಗಂಟೆಗಳನ್ನು ಕೂಡಿಸಿಕೊಂಡು ಆಮೇಲೆ ಬನ್ನಿ.

ವಿಮಾನಗಳ ಲೆಕ್ಕ ಸುಳ್ಳಲ್ಲ. 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನ ಘೋಷಿಸಿತು, ಜೂನ್‌ನಲ್ಲಿ ಇಂಡಿಗೋ 500 ಎ320 ಕುಟುಂಬದ ವಿಮಾನಗಳಿಗೆ ಆರ್ಡರ್ ಕೊಟ್ಟಿತು. ಆದರೆ ಇಲ್ಲಿ ಕೊರತೆ ಇರುವುದು ಎಡಗಡೆ ಸೀಟಿಗೆ, ಅಂದರೆ ಕ್ಯಾಪ್ಟನ್ ಜಾಗಕ್ಕೆ. ಫಸ್ಟ್ ಆಫೀಸರ್ ಕೂರುವ ಬಲಗಡೆ ಸೀಟಿಗೆ ಸಿಪಿಎಲ್ (ವೃತ್ತಿಪರ ಪೈಲಟ್ ಲೈಸೆನ್ಸ್) ಕೈಯಲ್ಲಿ ಹಿಡಿದು, ಟೈಪ್ ರೇಟಿಂಗಿಗೂ (ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಸ್ವಂತ ದುಡ್ಡು ಸುರಿದು, ವರ್ಷಗಟ್ಟಲೆ ಕಾಯುತ್ತಿರುವ ಹುಡುಗ ಹುಡುಗಿಯರು ದೇಶದ ತುಂಬ ಇದ್ದಾರೆ. ಅವರನ್ನು ಬಿಟ್ಟು ವಿದೇಶಿ ಫಸ್ಟ್ ಆಫೀಸರನ್ನು ಕರೆಸಲು ಯಾವ ಕಂಪನಿಗೂ ಕಾರಣವಿಲ್ಲ, ಸರ್ಕಾರಕ್ಕೆ ಮನಸ್ಸೂ ಇಲ್ಲ. ವಿದೇಶಿ ಪೈಲಟ್‌ಗಳನ್ನು ಪೂರ್ತಿ ಕೈಬಿಡಬೇಕು ಎಂದು ಸರ್ಕಾರ ಗಡುವು ಹಾಕುವುದು, ಕ್ಯಾಪ್ಟನ್‌ಗಳು ಸಾಲುವುದಿಲ್ಲ ಎಂದು ಅದನ್ನು ಮುಂದೂಡುವುದು, ಇದು ಹದಿನೈದು ವರ್ಷದಿಂದ ನಡೆದುಕೊಂಡೇ ಬಂದಿದೆ. ಬಾಗಿಲು ತೆರೆದಿದೆ, ಆದರೆ ಚಿಲಕ ಯಾವತ್ತೂ ಅವರ ಕೈಯಲ್ಲೇ.

ಆ ಬಾಗಿಲಿನ ಹೆಸರು ಫಾಟಾ. ವಿದೇಶಿ ಲೈಸೆನ್ಸ್ ಇಟ್ಟುಕೊಂಡು ಭಾರತದಲ್ಲಿ ನೋಂದಾಯಿತ ವಿಮಾನ ಹಾರಿಸಲು ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಕೊಡುವ ತಾತ್ಕಾಲಿಕ ಅನುಮತಿ. ಅರ್ಜಿ ಹಾಕುವುದು ನೀವಲ್ಲ, ಏರ್‌ಲೈನ್. ಕಂಪನಿ ಬದಲಾಯಿಸಿದರೆ ಹೊಸ ಕಂಪನಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಲೈಸೆನ್ಸ್ ಅಸಲಿಯೇ ಎಂದು ಅದನ್ನು ಕೊಟ್ಟ ದೇಶದಿಂದ ಖಚಿತಪಡಿಸಿಕೊಳ್ಳುತ್ತಾರೆ, ಗೃಹ ಸಚಿವಾಲಯದ ಭದ್ರತಾ ಅನುಮತಿ ಬರಬೇಕು, ವಿಮಾನ ನಿಲ್ದಾಣದ ಒಳಗೆ ಓಡಾಡುವ ಪಾಸಿಗೆ ವಿಮಾನಯಾನ ಭದ್ರತಾ ಸಂಸ್ಥೆ ಬಿಸಿಎಎಸ್‌ನ ಪರಿಶೀಲನೆ ಬೇರೆ. ಇದರಲ್ಲಿ ಯಾವುದು ಎಲ್ಲಿ ನಿಂತಿದೆ ಎಂದು ಫೋನ್ ಮಾಡಿ ತಿಳಿಯುವ ದಾರಿ ನಿಮಗಿಲ್ಲ. ಆದ್ದರಿಂದ ಆಫರ್ ಲೆಟರ್ ಬಂದ ಮಾತ್ರಕ್ಕೆ ಅಲ್ಲಿ ರಾಜೀನಾಮೆ ಕೊಡಬೇಡಿ. ಸೇರುವ ದಿನ ಬರಹದಲ್ಲಿ ಬರಲಿ. ಅನುಮತಿಗಾಗಿ ಕಾಯುವ ದಿನಗಳಿಗೆ ಸಂಬಳ ಉಂಟೇ ಇಲ್ಲವೇ ಎನ್ನುವುದೂ ಒಪ್ಪಂದದಲ್ಲಿರಲಿ.

ಲಾಗ್‌ಬುಕ್ಕಿನಲ್ಲಿ ನಿಮ್ಮಂಥವರು ಎಡವುವ ಜಾಗ ಒಂದಿದೆ. ಅಮೆರಿಕದ ನಿಯಮದಲ್ಲಿ ಆ ವಿಮಾನದ ರೇಟಿಂಗ್ ಇರುವವರು ಕಂಟ್ರೋಲ್ ತಮ್ಮ ಕೈಯಲ್ಲೇ ಇದ್ದ ಹೊತ್ತನ್ನು ಪಿಐಸಿ (ವಿಮಾನದ ಕಮಾಂಡರ್) ಎಂದು ಬರೆದುಕೊಳ್ಳಬಹುದು, ಕ್ಯಾಪ್ಟನ್ ಪಕ್ಕದಲ್ಲಿ ಕೂತಿದ್ದರೂ ಸರಿ. ಇಲ್ಲಿ ಅದನ್ನು ಯಾರೂ ಒಪ್ಪುವುದಿಲ್ಲ. ವಿಮಾನದ ಹೊಣೆಗೆ ಸಹಿ ಹಾಕಿ, ಕಮಾಂಡರ್ ಆಗಿ ಹಾರಿಸಿದ ಗಂಟೆಗಳೇ ಬೇಕು, ಅದಕ್ಕೆ ಕಂಪನಿಯ ಪತ್ರವೂ ಬೇಕು. ಹಾಗಾಗಿ ಈಗಿನಿಂದಲೇ ಲಾಗ್‌ಬುಕ್ಕಿನಲ್ಲಿ ಎರಡು ಕಾಲಂ ಬೇರೆ ಮಾಡಿ, ಕೈಯಲ್ಲಿ ಹಾರಿಸಿದ್ದು ಒಂದು, ಕಮಾಂಡರ್ ಆಗಿ ಹಾರಿಸಿದ್ದು ಇನ್ನೊಂದು. ಎರಡನ್ನೂ ಕೂಡಿಸಿ ರೆಸ್ಯೂಮೆಯಲ್ಲಿ ದೊಡ್ಡ ಸಂಖ್ಯೆ ತೋರಿಸಿದವರು ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ, ಗಂಟೆ ಕಡಿಮೆ ಎನ್ನುವುದಕ್ಕಿಂತ ಲೆಕ್ಕ ಸುಳ್ಳು ಎನ್ನುವುದೇ ದೊಡ್ಡ ತೊಂದರೆಯಾಗುತ್ತದೆ. ಗಂಟೆಗಳು ಇತ್ತೀಚಿನವೂ ಆಗಿರಬೇಕು. ಕೆಲಸ ಬಿಟ್ಟು ವರ್ಷ ಸುಮ್ಮನೆ ಕೂತು ಆಮೇಲೆ ಅರ್ಜಿ ಹಾಕುವುದು ಬೇಡ.

ಓಸಿಐ ವಿಷಯಕ್ಕೆ ಬರೋಣ. ವೀಸಾದ ಮಟ್ಟಿಗೆ ಅದು ದೊಡ್ಡ ಉಪಕಾರ: ಎಂಪ್ಲಾಯ್‌ಮೆಂಟ್ ವೀಸಾ ಬೇಡ, ಬೇರೆ ವಿದೇಶಿಯರಂತೆ ಶಾಂತಿನಗರದ ಟಿಟಿಎಂಸಿ ಕಟ್ಟಡದಲ್ಲಿರುವ ವಿದೇಶಿಯರ ನೋಂದಣಿ ಕಚೇರಿ ಎಫ್‌ಆರ್‌ಆರ್‌ಒ ಜೊತೆ ಒದ್ದಾಟವಿಲ್ಲ. ಆದರೆ ಲೈಸೆನ್ಸ್ ವಿಷಯಕ್ಕೆ ಬಂದರೆ ನೀವು ವಿದೇಶಿಯೇ. 2021ರ ಮಾರ್ಚ್ 4ರ ಅಧಿಸೂಚನೆಯಲ್ಲಿ ಓಸಿಐನವರಿಗೆ ಎನ್‌ಆರ್‌ಐಗಳ ಸಮಾನ ಹಕ್ಕು ಕೊಟ್ಟ ವೃತ್ತಿಗಳ ಪಟ್ಟಿ ಓದಿ ನೋಡಿ: ವೈದ್ಯರು, ದಂತವೈದ್ಯರು, ನರ್ಸ್‌ಗಳು, ಫಾರ್ಮಸಿಸ್ಟ್‌ಗಳು, ವಕೀಲರು, ಆರ್ಕಿಟೆಕ್ಟ್‌ಗಳು, ಚಾರ್ಟರ್ಡ್ ಅಕೌಂಟೆಂಟ್‌ಗಳು. ಪೈಲಟ್ ಇಲ್ಲ.

ಅಮೆರಿಕದಲ್ಲಿ ತರಬೇತಿ ಪಡೆದ ನಿಮ್ಮ ಗೆಳೆಯರು ಬಂದು ಲೈಸೆನ್ಸ್ ಕನ್ವರ್ಟ್ ಮಾಡಿಸಿಕೊಂಡರಲ್ಲ ಎಂದೂ ಕೇಳಿದ್ದೀರಿ. ಅವರ ಕೈಯಲ್ಲಿದ್ದದ್ದು ಭಾರತದ ಪಾಸ್‌ಪೋರ್ಟ್. ಆ ದಾರಿಯಲ್ಲಿ ಡಿಜಿಸಿಎಯ ಪರೀಕ್ಷೆಗಳಲ್ಲಿ 70 ಶೇಕಡಾ ತೆಗೆಯಬೇಕು, ರೇಡಿಯೊ ಬಳಸುವ ಲೈಸೆನ್ಸಾದ ಆರ್‌ಟಿಆರ್ ಬೇಕು, ಕ್ಲಾಸ್ 1 ಮೆಡಿಕಲ್ ಬೇಕು. ಆ ಮೆಡಿಕಲ್ ನಮ್ಮ ಹಳೇ ಏರ್‌ಪೋರ್ಟ್ ರಸ್ತೆಯ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲೂ ಆಗುತ್ತದೆ. ನಿಮಗೆ ಆ ದಾರಿ ನಿಜಕ್ಕೂ ಬೇಕಾದರೆ ಮೊದಲು ಪೌರತ್ವ ತೀರ್ಮಾನಿಸಿ. ಓಸಿಐ ಆಗಿ 5 ವರ್ಷ ಆಗಿದ್ದು, ಅರ್ಜಿಗೆ ಮುಂಚಿನ 12 ತಿಂಗಳು ಇಲ್ಲೇ ವಾಸವಿದ್ದರೆ ಭಾರತದ ಪೌರತ್ವಕ್ಕೆ ಅರ್ಜಿ ಹಾಕಬಹುದು. ಆದರೆ ಅಮೆರಿಕದ್ದನ್ನು ಬಿಡಬೇಕು, ಎರಡೂ ಇಟ್ಟುಕೊಳ್ಳಲು ನಮ್ಮ ಕಾನೂನಿನಲ್ಲಿ ಅವಕಾಶವಿಲ್ಲ. ಬರೀ ಒಂದು ಕೆಲಸಕ್ಕಾಗಿ ಇಷ್ಟು ದೂರ ಹೋಗುವುದು ನನ್ನ ಮಟ್ಟಿಗೆ ಅತಿಯಾಯಿತು.

ಕ್ಯಾಪ್ಟನ್ ಆಗಿ ಬಂದಿರಿ ಎಂದಿಟ್ಟುಕೊಳ್ಳಿ. ಫಾಟಾ ನಿಂತಿರುವುದೇ ನಿಮ್ಮ ಅಮೆರಿಕದ ಲೈಸೆನ್ಸಿನ ಮೇಲೆ, ಅದಕ್ಕೇನಾದರೂ ಆದರೆ ಇದೂ ಹೋಯಿತು. ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎಯ ಫಸ್ಟ್ ಕ್ಲಾಸ್ ಮೆಡಿಕಲ್ 40 ತುಂಬಿದವರಿಗೆ 6 ತಿಂಗಳಷ್ಟೇ ನಡೆಯುತ್ತದೆ. ಅದನ್ನು ಮಾಡಿಸುವುದು ಎಫ್‌ಎಎ ಮಾನ್ಯ ಮಾಡಿದ ವೈದ್ಯರ ಹತ್ತಿರವೇ, ಬೀದಿ ಕೊನೆಯ ಆಸ್ಪತ್ರೆಯಲ್ಲಲ್ಲ. ಹಾಗಾಗಿ ರಜೆಯ ದಿನಗಳನ್ನು ಮೆಡಿಕಲ್ ಮುಗಿಯುವ ತಾರೀಖಿನ ಸುತ್ತ ಹೊಂದಿಸಿಕೊಳ್ಳಿ. ವಿಳಾಸ ಬದಲಾದರೆ 30 ದಿನದೊಳಗೆ ತಿಳಿಸಬೇಕೆಂಬುದು ಗೊತ್ತಿರುತ್ತದೆ. ಹೊಸದು ಇನ್ನೊಂದಿದೆ: ಅಮೆರಿಕದಲ್ಲಿ ವಿಳಾಸವೇ ಇಲ್ಲದವರು ನೋಟಿಸ್ ಪಡೆಯಲು ಅಲ್ಲಿರುವ ಒಬ್ಬರನ್ನು ಏಜೆಂಟ್ ಎಂದು ಎಫ್‌ಎಎಗೆ ಹೆಸರಿಸಬೇಕು. ಈಗಾಗಲೇ ಲೈಸೆನ್ಸ್ ಇದ್ದವರಿಗೆ ಇದು 2025ರ ಜುಲೈ 7ರಿಂದ ಕಡ್ಡಾಯ. ಮಲ್ಲೇಶ್ವರದ ವಿಳಾಸ ಕೊಟ್ಟು ಇದನ್ನು ಮರೆತರೆ ಲೈಸೆನ್ಸ್ ಕೈಯಲ್ಲಿದ್ದೂ ಹಾರಿಸುವಂತಿಲ್ಲ.

ದುಡ್ಡಿನ ಕಡೆ ಮೂರು ಮಾತು. ಏಜೆನ್ಸಿಯವರು ಡಾಲರ್‌ನಲ್ಲಿ ಹೇಳುವ ಮೊತ್ತ ತೆರಿಗೆ ಕಳೆದೋ ಕಳೆಯದೆಯೋ ಕೇಳಿ. ಇಲ್ಲಿ ಮಾಡಿದ ಕೆಲಸದ ಸಂಬಳಕ್ಕೆ ಇಲ್ಲೇ ತೆರಿಗೆ, ಮತ್ತೆ ಅಮೆರಿಕದ ಪೌರರಾದ್ದರಿಂದ ಅಲ್ಲೂ ರಿಟರ್ನ್ ಸಲ್ಲಿಸಬೇಕು. ಯಾರೂ ಮೊದಲೇ ಹೇಳದ ವಿಷಯ ಪಿಎಫ್. ವಿದೇಶಿ ಪಾಸ್‌ಪೋರ್ಟಿನವರು ಭಾರತದ ಕಂಪನಿಯ ಸಂಬಳಪಟ್ಟಿಯಲ್ಲಿದ್ದರೆ ಅವರಿಗೆ 15,000 ರೂಪಾಯಿ ಮಿತಿ ಇಲ್ಲ, ಪೂರ್ತಿ ಸಂಬಳದ 12 ಶೇಕಡಾ ಕಟ್. ಭಾರತಕ್ಕೂ ಅಮೆರಿಕಕ್ಕೂ ಸಾಮಾಜಿಕ ಭದ್ರತಾ ಒಪ್ಪಂದವಿಲ್ಲದ್ದರಿಂದ ಆ ದುಡ್ಡು ಸಾಮಾನ್ಯವಾಗಿ 58ರ ತನಕ ಕೈಗೆ ಬರುವುದಿಲ್ಲ. ಕೆನಡಾ, ಜರ್ಮನಿಯವರಿಗೆ ಒಪ್ಪಂದವಿದೆ. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಈ ನಿಯಮವನ್ನೇ ಅಸಾಂವಿಧಾನಿಕ ಎಂದಿತು, 2025ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಸರಿಯಾಗಿದೆ ಎಂದಿತು. ನಿಮ್ಮ ಬೇಸ್ (ಡ್ಯೂಟಿ ಶುರುವಾಗುವ ಊರು) ಬೆಂಗಳೂರು ಎಂಬ ಕಾರಣಕ್ಕೆ ಇಲ್ಲಿನ ತೀರ್ಪು ಕಾಪಾಡುತ್ತದೆ ಅಂದುಕೊಳ್ಳಬೇಡಿ, ಇಂಡಿಗೋ, ಏರ್ ಇಂಡಿಯಾ ಎರಡರ ಮುಖ್ಯ ಕಚೇರಿಯೂ ಗುರುಗ್ರಾಮದಲ್ಲಿದೆ. ಸಂಬಳ ವಿದೇಶಿ ಏಜೆನ್ಸಿಯಿಂದಲೋ ಇಲ್ಲಿನ ಕಂಪನಿಯಿಂದಲೋ ಎಂಬುದನ್ನು ಸಹಿಗೆ ಮುಂಚೆ ಒಬ್ಬ ಸಿಎಗೆ ತೋರಿಸಿ.

ಕೆಲಸದ ರೀತಿ ಅಲ್ಲಿಗಿಂತ ಬೇರೆ. ಪ್ರತಿ ಡ್ಯೂಟಿಗೂ ಮುಂಚೆ ಮದ್ಯ ಕುಡಿದಿಲ್ಲವೆಂದು ಊದಿ ತೋರಿಸಬೇಕು, ಮಿತಿ ಸೊನ್ನೆ. ಆಲ್ಕೋಹಾಲ್ ಇರುವ ಮೌತ್‌ವಾಶ್ ಕೂಡ ನಿಷಿದ್ಧ. ಮೊದಲ ಸಲ ಸಿಕ್ಕಿಬಿದ್ದರೆ ಇಲ್ಲಿನ ಲೈಸೆನ್ಸಿನವರಿಗೆ 3 ತಿಂಗಳು ಅಮಾನತು; ತಾತ್ಕಾಲಿಕ ಅನುಮತಿಯ ಮೇಲಿರುವವರು ಆಮೇಲೆ ಕಂಪನಿ ತಮ್ಮನ್ನು ಇಟ್ಟುಕೊಳ್ಳುತ್ತದೆಂದು ನಂಬದಿರುವುದೇ ಲೇಸು. ಡ್ಯೂಟಿ ನಿಯಮಗಳು ಬಿಗಿಯಾಗಿವೆ: ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿತು, ರಾತ್ರಿ ಲ್ಯಾಂಡಿಂಗ್ 6ರಿಂದ 2ಕ್ಕೆ ಇಳಿಯಿತು. ಇದಕ್ಕೆ ತಕ್ಕಷ್ಟು ಪೈಲಟ್‌ಗಳಿಲ್ಲದೆ 2025ರ ಡಿಸೆಂಬರ್‌ನಲ್ಲಿ ಇಂಡಿಗೋದ ಸಾವಿರಾರು ವಿಮಾನಗಳು ರದ್ದಾದದ್ದು, ಕೆಂಪೇಗೌಡ ನಿಲ್ದಾಣದಲ್ಲಿ ಜನ ಸೂಟ್‌ಕೇಸಿನ ಮೇಲೆ ಮಲಗಿದ್ದು ನೋಡಿರುತ್ತೀರಿ. ಕ್ಯಾಪ್ಟನ್‌ಗಳಿಗೆ ಬೇಡಿಕೆ ಹೆಚ್ಚುವುದೂ ಇದರಿಂದಲೇ.

ಕಾಕ್‌ಪಿಟ್ಟಿನೊಳಗಿನ ಮಾತು ಒಂದು. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿ ತೆಗೆದುಕೊಂಡ ವಿಮಾನದ ಕಮಾಂಡರ್ ವಿದೇಶಿ. ಲ್ಯಾಂಡಿಂಗ್ ಬಿಟ್ಟು ಮೇಲೇರಿ ಎಂದು ಫಸ್ಟ್ ಆಫೀಸರ್ ಹೇಳಿದ್ದು ರೆಕಾರ್ಡಿನಲ್ಲಿದೆ. ಬೆಂಗಳೂರು ಬೇಸ್ ಸಿಕ್ಕರೆ ಬಜ್ಪೆಯಲ್ಲಿ ಗುಡ್ಡದ ನೆತ್ತಿಯ ಮೇಲಿರುವ ಆ 2,450 ಮೀಟರ್ ಟೇಬಲ್‌ಟಾಪ್ ರನ್‌ವೇಗೆ ಮಳೆಗಾಲದಲ್ಲಿ ನೀವೇ ಇಳಿಸಬೇಕಾಗುತ್ತದೆ. ಪಕ್ಕದಲ್ಲಿ ಕೂತ ಇಪ್ಪತ್ತೈದರ ಹುಡುಗ ದೊಡ್ಡವರೆಂಬ ಗೌರವಕ್ಕೆ ಬಾಯಿ ಬಿಡದೆ ಇರಬಹುದು. ಬ್ರೀಫಿಂಗ್‌ನಲ್ಲೇ ಅವನ ಬಾಯಿ ಬಿಡಿಸಿ. ಕನ್ನಡದ ಹುಡುಗನಾದರೆ ನಿಮಗೆ ಅದು ಸುಲಭ.

ಮನೆ ಮಲ್ಲೇಶ್ವರದಲ್ಲೇ ಇರಲಿ ಎನ್ನುವ ಆಸೆ ಸಹಜ. ಬೆಳಗಿನ ಜಾವ ಮೂರಕ್ಕೆ ಪಿಕಪ್ ಕಾರು ಬಂದರೆ ದೇವನಹಳ್ಳಿಗೆ ಸಲೀಸಾಗಿ ಮುಟ್ಟುತ್ತೀರಿ. ಸಂಜೆಯ ಡ್ಯೂಟಿಗೆ ಹೊರಟರೆ ಹೆಬ್ಬಾಳದ ಮೇಲ್ಸೇತುವೆಯಲ್ಲೇ ವಿಶ್ರಾಂತಿಯ ಅರ್ಧ ಕರಗುತ್ತದೆ. ಸಹಕಾರನಗರ, ಜಕ್ಕೂರು, ಯಲಹಂಕ ಕಡೆ ಹುಡುಕಿ. ಅಡ್ವಾನ್ಸ್ ಬಾಡಿಗೆಯ ಹಲವು ಪಟ್ಟು ಕೇಳುತ್ತಾರೆ, ಚೌಕಾಸಿ ಮಾಡಿ. ಮತ್ತೆ ಬೇಸ್ ಬೆಂಗಳೂರೇ ಎಂಬುದು ಒಪ್ಪಂದದಲ್ಲಿ ಬರೆದಿದೆಯೇ ನೋಡಿ. "ಕಂಪನಿಯ ಅಗತ್ಯಕ್ಕೆ ತಕ್ಕಂತೆ" ಎಂದಿದ್ದರೆ ನಿಮ್ಮನ್ನು ದೆಹಲಿಗೆ ಹಾಕಿದಾಗ ತಕರಾರು ಮಾಡಲು ಆಧಾರ ಇರುವುದಿಲ್ಲ. ಅಲ್ಲಿ ಕಮಾಂಡ್ ಅಪ್‌ಗ್ರೇಡ್ ಯಾವಾಗ ಸಿಗಬಹುದು, ವಯಸ್ಸೆಷ್ಟು ಎಂದು ತಿಳಿಸಿ. ಇಲ್ಲಿ 65ಕ್ಕೆ ಹಾರಾಟ ಮುಗಿಯುವುದರಿಂದ ಅದನ್ನಿಟ್ಟುಕೊಂಡೇ ಮುಂದಿನ ಲೆಕ್ಕ ಹಾಕೋಣ.