ಭೇದಿ ನಿಂತ ಮೇಲೂ ಜಿಂಕ್ ಮಾತ್ರೆ ಏಕೆ?

ಪ್ರಶ್ನೆ: ಒಂದೂವರೆ ವರ್ಷದ ಮಗಳಿಗೆ ಭೇದಿಯಾದಾಗ ವೈದ್ಯರು ಓಆರ್‌ಎಸ್ ಜೊತೆಗೆ 14 ದಿನಗಳ ಜಿಂಕ್ ಮಾತ್ರೆ ಕೊಟ್ಟರು. ಈಗ ಭೇದಿ ನಿಂತಿದೆ. ಮಾತ್ರೆ ನಿಲ್ಲಿಸಲೇ? ಅತ್ತೆಯವರು ಅನ್ನವೂ ಬೇಡ, ಗಂಜಿನೀರು ಸಾಕು ಎನ್ನುತ್ತಾರೆ.
– ಓದುಗರು, ಹಾವೇರಿ

ಉತ್ತರ: ದಯವಿಟ್ಟು ನಿಲ್ಲಿಸಬೇಡಿ, ತಾಯಿ. ಭೇದಿಯಲ್ಲಿ ಮೈಯ ಜಿಂಕ್ ಸೋರಿಹೋಗಿರುತ್ತದೆ. ಕರುಳಿನ ಒಳಪದರ ಚೇತರಿಸಿಕೊಳ್ಳಲು ಅದು ಬೇಕೇ ಬೇಕು. ಪೂರ್ತಿ ಕೊಟ್ಟರೆ ಮುಂದಿನ ಎರಡು ಮೂರು ತಿಂಗಳು ಭೇದಿ ಮರುಕಳಿಸುವ ಸಾಧ್ಯತೆಯೂ ತಗ್ಗುತ್ತದೆ. ದಿನಕ್ಕೊಂದು 20 ಮಿಲಿಗ್ರಾಂ ಮಾತ್ರೆಯನ್ನು ಒಂದು ಚಮಚ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಕುಡಿಸಿ. ರುಚಿಗೆ ಮುಖ ಸಿಂಡರಿಸುತ್ತಾಳೆ, ಸುಧಾರಿಸಿಕೊಳ್ಳಿ. ಅನ್ನ ಬಿಡಿಸುವುದನ್ನಂತೂ ನಾನು ಒಪ್ಪುವುದೇ ಇಲ್ಲ. ಮೆತ್ತಗಿನ ಅನ್ನ, ತೊವ್ವೆ, ತುಸು ತುಪ್ಪ, ಬಾಳೆಹಣ್ಣು ಎಲ್ಲವನ್ನೂ ಕೊಡಿ. ಮತ್ತೆ ಭೇದಿಯಾಗಿ ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.