ದುಡ್ಡು ಕೊಟ್ಟರೆ ಮಾತ್ರ ಓದುವ ಮಗ ಸೋಮಾರಿನಾ?

ನಿಮ್ಮ ಪ್ರಶ್ನೆ ಓದಿದೆ. ಮಗ 4ನೇ ಕ್ಲಾಸು. ಮೊದಲು ತಾನಾಗಿಯೇ ಕಥೆ ಪುಸ್ತಕ ಹಿಡಿದು ಕೂರುತ್ತಿದ್ದ, ಚಿತ್ರ ಬರೆಯುತ್ತಿದ್ದ. ಹೋದ ವರ್ಷದಿಂದ ಒಂದು ಪಾಠ ಓದಿದರೆ 10 ರೂಪಾಯಿ ಅಂತ ಶುರು ಮಾಡಿದಿರಿ. ಈಗ ‘ಓದಿದ್ರೆ ಎಷ್ಟು ಕೊಡ್ತೀಯಾ?’ ಅಂತಾನೆ, ಕಥೆ ಪುಸ್ತಕವನ್ನೂ ಮುಟ್ಟುವುದಿಲ್ಲ. ಇವನು ಹುಟ್ಟಾ ಸೋಮಾರಿನಾ ಅಂತ ಕೇಳಿದ್ದೀರಿ.

ಅಲ್ಲ. ಸೋಮಾರಿಯಾಗಿದ್ದರೆ ಮೊದಲೂ ಓದುತ್ತಿರಲಿಲ್ಲ, ಅಲ್ವಾ?

ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಬಹಳ ವರ್ಷ ಪಾಠ ಮಾಡಿದವಳು. ನೀವು ಮಾಡಿದ್ದನ್ನೇ ನಾನೂ ಮಾಡಿದ್ದೇನೆ. ಓದುವ ಮೂಲೆಯಲ್ಲಿ ಒಂದು ಪುಸ್ತಕ ಮುಗಿಸಿದವರ ಹೆಸರಿನ ಮುಂದೆ ಒಂದು ಸ್ಟಾರ್ ಅಂಟಿಸುತ್ತೇನೆ ಅಂದೆ. ಮೊದಲ ವಾರ ಮಕ್ಕಳೆಲ್ಲ ಮುಗಿಬಿದ್ದರು. ಆಮೇಲೆ ನೋಡಿದರೆ ಎಲ್ಲರೂ ತೆಳ್ಳನೆಯ ಪುಸ್ತಕವನ್ನೇ ಹುಡುಕುತ್ತಿದ್ದರು. ನವಿಲಿನ ಚಿತ್ರವಿದ್ದ ದಪ್ಪ ಪುಸ್ತಕವನ್ನು ಯಾರಿಗೂ ಕೊಡದೆ ಎದೆಗೆ ಅವಚಿಕೊಂಡು ಕೂರುತ್ತಿದ್ದ ಒಬ್ಬ ಹುಡುಗಿ ಅದನ್ನು ಶೆಲ್ಫಿನಲ್ಲಿಟ್ಟು ಬಂದಳು. ಸ್ಟಾರ್ ನಿಲ್ಲಿಸಿದ ಮೇಲೆ ಆ ಮೂಲೆಗೆ ಹೋಗುವವರೇ ಕಡಿಮೆಯಾದರು. ಅದು ನನ್ನನ್ನು ಬಹಳ ದಿನ ಕಾಡಿತು.

ಆಮೇಲೆ ಓದಿ ತಿಳಿದುಕೊಂಡೆ, ಇದನ್ನು ಹಿಂದೆಯೇ ಪರೀಕ್ಷೆ ಮಾಡಿ ನೋಡಿದ್ದರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಜೊತೆಯವರು ಚಿತ್ರ ಬರೆಯುವುದೆಂದರೆ ತುಂಬಾ ಇಷ್ಟಪಡುವ 3ರಿಂದ 5 ವರ್ಷದ ಮಕ್ಕಳನ್ನೇ ಆರಿಸಿಕೊಂಡರು. ಕೆಲವರಿಗೆ ‘ಚಿತ್ರ ಬರೆದರೆ ಬಹುಮಾನದ ಪತ್ರ ಕೊಡ್ತೀವಿ’ ಅಂತ ಮೊದಲೇ ಹೇಳಿದರು. ಕೆಲವರಿಗೆ ಏನೂ ಹೇಳದೆ, ಬರೆದಾದ ಮೇಲೆ ಅದೇ ಪತ್ರ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಕಳೆದ ಮೇಲೆ ಬಣ್ಣದ ಪೆನ್ನುಗಳನ್ನು ಸುಮ್ನೆ ಮೇಜಿನ ಮೇಲಿಟ್ಟು ದೂರದಿಂದ ಗಮನಿಸಿದರು. ಬಹುಮಾನದ ಆಸೆಗೆ ಬರೆದಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಅವುಗಳ ಜೊತೆ ಕಳೆದರು. ಇದು ಪ್ರಕಟವಾದದ್ದು 1973ರಲ್ಲಿ. ಗಮನಿಸಿ, ಹೇಳದೆ ಕೊಟ್ಟ ಬಹುಮಾನ ಹಾಳು ಮಾಡಲಿಲ್ಲ. ‘ನೀನು ಇದನ್ನು ಮಾಡಿದರೆ, ನಾನು ಅದನ್ನು ಕೊಡ್ತೀನಿ’ ಅನ್ನುವ ಒಪ್ಪಂದ ಹಾಳು ಮಾಡಿತು. ಆಟವಾಗಿದ್ದದ್ದು ಕೂಲಿಯಾಯಿತು.

ಎಡ್ವರ್ಡ್ ಡೆಸಿ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞರು ಅದಕ್ಕೂ ಎರಡು ವರ್ಷ ಮುಂಚೆ ಕಾಲೇಜು ಹುಡುಗರಲ್ಲೂ ಇಂಥದ್ದನ್ನೇ ಕಂಡಿದ್ದರು. ಮುಂದೆ ಅವರು ಮತ್ತು ರಿಚರ್ಡ್ ರಯಾನ್ ಸೇರಿ ‘ಸೆಲ್ಫ್ ಡಿಟರ್ಮಿನೇಷನ್ ಥಿಯರಿ’, ಅಂದರೆ ಮನುಷ್ಯನಿಗೆ ಒಳಗಿನಿಂದಲೇ ಉತ್ಸಾಹ ಹುಟ್ಟಲು ಏನು ಬೇಕು ಅಂತ ಹೇಳುವ ಸಿದ್ಧಾಂತ, ಕಟ್ಟಿದರು. ಅವರ ಮಾತನ್ನು ನಾನು ಮಗುವಿನ ಬಾಯಲ್ಲಿ ಹೇಳುತ್ತೇನೆ: ಇದು ನಾನೇ ಆರಿಸಿಕೊಂಡದ್ದು, ಇದು ನನ್ನ ಕೈಲಾಗುತ್ತೆ, ಇಲ್ಲಿರುವವರಿಗೆ ನಾನು ಬೇಕು. ಹೊಟ್ಟೆಗೆ ಅನ್ನ ಬೇಕಾದ ಹಾಗೆ ಮನಸ್ಸಿಗೆ ಈ ಮೂರೂ ಬೇಕು. ಸುತ್ತಲಿನವರು ಇವನ್ನು ಒದಗಿಸಿದರೆ ಉತ್ಸಾಹವನ್ನು ಯಾರೂ ಹೊರಗಿನಿಂದ ತುಂಬಬೇಕಿಲ್ಲ.

ನಾನು ಇದನ್ನು ಕಣ್ಣಾರೆ ಕಂಡದ್ದು ನಲಿಕಲಿ ತರಗತಿಯಲ್ಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಗೋಡೆಯ ಮೇಲೆ ಕಲಿಕೆಯ ಏಣಿ ಇರುತ್ತದೆ, ಮಗು ತಾನು ಯಾವ ಮೆಟ್ಟಿಲಿನಲ್ಲಿದ್ದೇನೆ ಅಂತ ತಾನೇ ನೋಡಿಕೊಂಡು ಕಾರ್ಡು ತೆಗೆದುಕೊಳ್ಳುತ್ತದೆ. ಸುಗ್ಗಿಯಲ್ಲಿ ಹದಿನೈದು ದಿನ ಶಾಲೆ ತಪ್ಪಿಸಿದ ಮಗು ಬಂದು, ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ‘ಹಿಂದೆ ಬಿದ್ದೆ’ ಅನ್ನುವ ನಾಚಿಕೆ ಇಲ್ಲ. ತಟ್ಟೆಗಳೆಂದು ಕರೆಯುವ ಗುಂಪುಗಳಲ್ಲಿ ಗೊತ್ತಿರುವ ಮಗು ಪಕ್ಕದ ಮಗುವಿಗೆ ಹೇಳಿಕೊಡುತ್ತದೆ. ಮೂರನೇ ಕ್ಲಾಸಿನವರೆಗೆ ಹೀಗೆ ಕಲಿತವರು 4ಕ್ಕೆ ಹೋದ ಮೇಲೆ ಎಲ್ಲರಿಗೂ ಒಂದೇ ಪಾಠ, ಒಂದೇ ವೇಗ. ನನ್ನ ಶಾಲೆಯಲ್ಲಿ ಎಷ್ಟೋ ಮಕ್ಕಳ ಮುಖ ಆ ವರ್ಷವೇ ಸಪ್ಪಗಾಯಿತು. ಮಕ್ಕಳು ಅವರೇ. ಸುತ್ತಲಿನದು ಬದಲಾಗಿತ್ತು. ಹಾಗಾಗಿ ನಿಮ್ಮ ಮಗನ ಕ್ಲಾಸಿನಲ್ಲೂ ಏನಾಗುತ್ತಿದೆ ಅಂತ ಒಮ್ಮೆ ವಿಚಾರಿಸಿ. ಎಲ್ಲರ ಮುಂದೆ ಮಾರ್ಕ್ಸ್ ಓದಿ ಹೇಳುತ್ತಾರಾ? ಓದಲು ನಿಧಾನ ಅಂತ ಯಾರಾದರೂ ನಕ್ಕರಾ? ಮನೆಯ ದುಡ್ಡಿಗಿಂತ ಇದು ದೊಡ್ಡ ಕಾರಣ ಇರಬಹುದು.

ದುಡ್ಡನ್ನು ಶಿಕ್ಷೆಯ ಹಾಗೆ ನಿಲ್ಲಿಸಬೇಡಿ. ಕೂರಿಸಿಕೊಂಡು ‘ಇದು ಅಮ್ಮ ಮಾಡಿದ ತಪ್ಪು, ನಿನ್ನದಲ್ಲ’ ಅಂತ ಹೇಳಿ. ಮಗ್ಗಿಯಂಥ ಬೇಜಾರಿನ ಕೆಲಸಕ್ಕೆ ಬೇಜಾರು ಅಂತಲೇ ಒಪ್ಪಿಕೊಳ್ಳಿ, ಯಾಕೆ ಬೇಕು ಅಂತ ಹೇಳಿ, ಊಟಕ್ಕೆ ಮುಂಚೆಯಾ ಆಮೇಲಾ ಅನ್ನುವುದನ್ನು ಅವನಿಗೆ ಬಿಡಿ. ಕಥೆ ಪುಸ್ತಕದ ವಿಷಯಕ್ಕೆ ಸ್ವಲ್ಪ ದಿನ ಹೋಗಲೇಬೇಡಿ. ಬಣ್ಣದ ಡಬ್ಬಿ, ಹಾಳೆ ಕೈಗೆ ಸಿಗುವ ಕಡೆ ಇರಲಿ. ಅವನು ಏನಾದರೂ ಬರೆದು ತೋರಿಸಿದರೆ ‘ಸೂಪರ್’ ಅಂದು ಮುಗಿಸಬೇಡಿ. ‘ಈ ಮನೆಗೆ ಯಾಕೆ ಕಿಟಕಿ ಇಲ್ಲ?’ ಅಂತ ಕೇಳಿ, ಪಕ್ಕದಲ್ಲಿ ಕೂತು ಉತ್ತರ ಪೂರ್ತಿ ಕೇಳಿಸಿಕೊಳ್ಳಿ.

ಒಂದೆರಡು ತಿಂಗಳು ಹಿಡಿಯಬಹುದು. ನವಿಲಿನ ಪುಸ್ತಕದ ಆ ಹುಡುಗಿಗೆ ಒಂದು ಇಡೀ ಟರ್ಮ್ ಹಿಡಿಯಿತು. ಆಮೇಲೆ ಒಂದು ಮಧ್ಯಾಹ್ನ, ಬಿಸಿಯೂಟ ಮುಗಿಸಿ ಒದ್ದೆ ಕೈಯಲ್ಲೇ ಬಂದು ಆ ಪುಸ್ತಕ ತೆಗೆದುಕೊಂಡಳು. ನಾನು ನೋಡಿಯೂ ಏನೂ ಹೇಳಲಿಲ್ಲ.